ಎಡಗಿವಿಗೆ ಅರ್ಧ ಪುಟ

ಆ ಭಾನುವಾರ ಮಧ್ಯಾಹ್ನ ಬ್ರಹ್ಮಪುರದ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಇದ್ದೆವು. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದವರು ಅತ್ತೆ, ಎಂದರೆ ನನ್ನ ಅಪ್ಪನ ಅಕ್ಕ. ಕೂಲರಿನ ಎದುರಿನ ಜಾಗವನ್ನು ಯಾರಿಗೂ ಬಿಟ್ಟುಕೊಡದೆ ಮಲಗಿದ್ದವರು ನನ್ನ ಗಂಡ. ಬಾಗಿಲ ಬಳಿಯ ಕುರ್ಚಿಯಲ್ಲಿ ನನ್ನ ಬಸ್ಸಿನ ಗೆಳತಿ. ಅವರು ಕಮಲಾಪುರದ ಉರ್ದು ಶಾಲೆಯಲ್ಲಿ ಕಲಿಸುತ್ತಾರೆ, ನನಗಿಂತ ಹಿರಿಯರು, ಆಪಾ ಎಂದೇ ಕರೆಯುತ್ತೇನೆ. ಮಗಳ ಮದುವೆಯ ಕಾರ್ಡು ಕೊಡಲು ಬಂದವರನ್ನು ಅತ್ತೆ ಊಟಕ್ಕೆ ಕೂರಿಸಿಕೊಂಡಿದ್ದರು. ನಾನು ಹಿತ್ತಲಲ್ಲಿ ಬಟ್ಟೆ ಹರವಿ ಆಗತಾನೆ ಒಳಗೆ ಬಂದಿದ್ದೆ.

ಬಂದವಳ ಮೂಗಿಗೆ ಹೊಡೆದದ್ದು ಬೇಳೆ ಹೊತ್ತಿದ ವಾಸನೆ. ಸಂಜೆಯ ಸಾರಿಗೆಂದು ಕುಕ್ಕರು ಇಟ್ಟು, ಮೂರು ಸೀಟಿಗೆ ಆರಿಸಿ ಎಂದು ಹಳೆಯ ರೂಢಿಯಂತೆ ಅತ್ತೆಗೆ ಹೇಳಿಹೋಗಿದ್ದೆ. ಅಡುಗೆಮನೆಯ ಬಾಗಿಲು ಅವರ ಬಲಭುಜದ ಪಕ್ಕದಲ್ಲೇ ಇತ್ತು. ಗಂಡ ಗೊರಕೆ ಹೊಡೆಯುತ್ತಿದ್ದರು, ಆಪಾ ಫೋನಿನಲ್ಲಿ ಯಾರೊಡನೆಯೋ ಬಿರಿಯಾನಿಯ ಮಾತಾಡುತ್ತಿದ್ದರು.

"ಅತ್ತೀ, ಬ್ಯಾಳಿ ಹೊತ್ತಿ ಹೋಯ್ತಲ್ಲ! ಸೀಟಿ ಕೇಳಲಿಲ್ಲೇನು?" ಒಲೆ ಆರಿಸಿ ಬಂದು ಕೂಗಿ ಕೇಳಿದೆ.

"ಹೊಡದಿದ್ರ ಕೇಳತಿತ್ತು," ಎಂದರು ಅತ್ತೆ. "ಈಗಿನ ಕುಕ್ಕರಿಗೆ ದಮ್ಮ ಎಲ್ಲಿ ಅದ? ಮೊದಲಿನ ಕುಕ್ಕರ ಹೊಡದ್ರ ಸ್ಟೇಷನ್ದಾಗ ಮಂದಿ ರೈಲ ಬಂತಂತ ಗಂಟು ಹೊತ್ಕೊಂಡು ನಿಂದರತಿದ್ರು."

ಆಪಾ ಫೋನು ಇಟ್ಟು ನಕ್ಕರು, ಗೊರಕೆ ನಿಲ್ಲಿಸಿ ಗಂಡನೂ ನಕ್ಕರು, ನಾನೂ ನಕ್ಕೆ. ಅತ್ತೆಯೂ ನಕ್ಕರು. ಆದರೆ ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ಅವರು ಕಾಳನ್ನು ಸಿಪ್ಪೆಯ ರಾಶಿಗೂ ಸಿಪ್ಪೆಯನ್ನು ಕಾಳಿನ ಬುಟ್ಟಿಗೂ ಹಾಕುತ್ತಿದ್ದರು.

ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಹೊರಟಿದೆ ಎಂದು ಕಿವಿಯ ಡಾಕ್ಟರು ಮೊದಲೇ ಹೇಳಿದ್ದರು. ಕಿವಿಗೆ ಹಾಕುವ ಮಶೀನನ್ನು ಅತ್ತೆ ಎರಡು ದಿನ ಹಾಕಿ ತೆಗೆದಿಟ್ಟಿದ್ದರು, "ಕಿವ್ಯಾಗ ಜೀರುಂಡಿ ಕುಂತಂಗ ಆಗ್ತದ" ಎಂದು. ನನಗೆ ಮಾತು ಕಲಿಸಿದ್ದು ಇದೇ ಅತ್ತೆ. ಶಾಲೆಯಲ್ಲಿ ಅಕ್ಷರ ಕಲಿತೆ, ಆದರೆ ಒಂದು ಮಾತನ್ನು ಎಲ್ಲಿ ತಡೆದರೆ ಕೇಳುವವರು ಮುಂದೆ ಬಾಗುತ್ತಾರೆ, ಎಲ್ಲಿ ಬಿಟ್ಟರೆ ನಗುತ್ತಾರೆ ಎಂಬುದನ್ನು ಕಲಿತದ್ದು ಇವರು ರೊಟ್ಟಿ ಬಡಿಯುವಾಗ ಎದುರು ಕೂತು. ಅವರ ಕತೆಗಳನ್ನೆಲ್ಲ ಒಂದು ಪುಸ್ತಕ ಮಾಡಬೇಕೆಂದು ನಾನು ಹೇಳುತ್ತ ಬಂದು ಎಷ್ಟೋ ವರ್ಷಗಳಾಗಿದ್ದವು. ಅಂದು ಆ ಸಿಪ್ಪೆಯ ಬುಟ್ಟಿ ನೋಡಿ ಅಲ್ಲೇ ನಿಂತು ಘೋಷಿಸಿಬಿಟ್ಟೆ:

"ದೀಪಾವಳಿ ಒಳಗ ಅತ್ತೀ ಕಥಿ ಎಲ್ಲಾ ಬರದು ಮುಗಸ್ತೀನಿ. ದಿನಕ್ಕ ಎರಡು ಪುಟ."

ಗಂಡ ಕಣ್ಣು ತೆರೆಯದೆಯೇ ಹೇಳಿದರು: "ಹೋದ ವರ್ಷ ದಿನಾ ವಾಕಿಂಗ್ ಹೋಗ್ತೀನಿ ಅಂದಿದ್ದಿ. ಬೂಟು ಇನ್ನೂ ಡಬ್ಬ್ಯಾಗ ಅವ."

"ಹಂಗ್ಯಾಕ ಅಂತೀರಿ ಭಾಯಿ," ಎಂದರು ಆಪಾ. "ಬರೀತಾರ, ಇನ್ಶಾ ಅಲ್ಲಾ. ಯಾವ ದೀಪಾವಳಿ ಅಂತ ಮಾತ್ರ ಕೇಳಬ್ಯಾಡ್ರಿ."

ಅತ್ತೆಗೆ ಮೂರು ಸಲ ಕೂಗಿ ಹೇಳಬೇಕಾಯಿತು. ತಿಳಿದ ಮೇಲೆ ಅವರು ಕೈಯ ಶೇಂಗಾ ಕೆಳಗಿಟ್ಟರು. "ಬರಿ. ಆದರ ಲಗೂ ಬರಿ. ನನಗ ಓದಾಕ ಬರಂಗಿಲ್ಲ. ನನ್ನ ಕಥಿ ಪುಸ್ತಕದಾಗಿಂದ ಹ್ಯಾಂಗ ಕೇಳಸ್ತದ, ಅದೊಂದು ಕೇಳಬೇಕು ನಾ. ಎಡಗಿವಿ ಅರ್ಧಾ ಬಾಗಲಾ ಹಾಕ್ಕೊಂಡು ಕುಂತದ. ಪೂರಾ ಮುಚ್ಚೂದ್ರಾಗ ಓದಿ ಹೇಳು."

ಮರುದಿನದಿಂದ ನನ್ನ ಪಾಡು ಶುರುವಾಯಿತು. ನಸುಕಿನಲ್ಲಿ ಎದ್ದು ಬರೆಯುವುದೆಂದು ಗೊತ್ತು ಮಾಡಿದೆ. ಮೊದಲ ದಿನ ಬರೆದೆ. ಎರಡನೆಯ ದಿನ ಪೆನ್ನು ಹಿಡಿಯುವಷ್ಟರಲ್ಲಿ ಓಣಿಯ ಆ ತುದಿಯಿಂದ "ನೀರು ಬಿಟ್ಟಾರ್ರೀ!" ಎಂಬ ಕೂಗು. ನಮ್ಮ ನಳಕ್ಕೆ ಹೊತ್ತೂ ಇಲ್ಲ ಗೊತ್ತೂ ಇಲ್ಲ, ಬಂದಾಗ ತುಂಬಿಕೊಳ್ಳಬೇಕು. ಕೊಡ, ಬಕೀಟು, ಡ್ರಮ್ಮು ಎಲ್ಲ ತುಂಬಿ ಮುಗಿಯುವ ಹೊತ್ತಿಗೆ ರೊಟ್ಟಿಯ ಹಿಟ್ಟು ಕರೆಯುತ್ತಿತ್ತು. ನೀರಿಲ್ಲದ ದಿನ, ಈಗ ಕೂಗುತ್ತಾರೆ, ಆಗ ಕೂಗುತ್ತಾರೆ ಎಂದು ಕಿವಿ ಓಣಿಯ ಕಡೆಗೇ. ಕೂತರೆ ಏಳಬೇಕು ಅನ್ನಿಸುತ್ತಿತ್ತು, ಎದ್ದರೆ ಕೂರಬೇಕಿತ್ತಲ್ಲ ಅನ್ನಿಸುತ್ತಿತ್ತು. ಒಂದು ಸಾಲು ಬರೆದು ಎದ್ದು ಹೋಗಿ ತೊಳೆದ ಲೋಟವನ್ನೇ ಮತ್ತೆ ತೊಳೆದದ್ದೂ ಉಂಟು.

ಸಂಜೆಗೆ ಬದಲಾಯಿಸಿದೆ. ನಾನೂ ಕೆಲಸಕ್ಕೆ ಹೋಗುವ ಕಮಲಾಪುರದಿಂದ ಬಸ್ಸು ಹುಮನಾಬಾದ ಬೇಸ್ ಎಂಬ ನಮ್ಮ ನಿಲ್ದಾಣಕ್ಕೆ ಬಂದು ಮುಟ್ಟುವಾಗ ಹೊತ್ತು ಮುಳುಗುತ್ತಿರುತ್ತದೆ. ಕಾಯಿಪಲ್ಲೆ ಹಿಡಿದು ಮನೆಗೆ ಬಂದರೆ ಮೈಯಲ್ಲಿ ಜೀವ ಇರುತ್ತಿರಲಿಲ್ಲ. ಬಸ್ಸಿನಲ್ಲೇ ಬರೆಯುತ್ತೇನೆಂದು ಹಟ ಹಿಡಿದೆ. ತಾಜಸುಲ್ತಾನಪುರ ದಾಟುವುದರೊಳಗೆ ಅಕ್ಷರಗಳು ಕುಣಿದು ಕುಣಿದು ನನಗೇ ಓದಲು ಬಾರದಂತಾದವು. ಆಪಾ ಇಣುಕಿ ನೋಡಿ, "ಇದು ನಮ್ಮ ಉರ್ದುಕ್ಕಿಂತ ಚಂದ ಅದ ಬೆಹೆನ್, ಯಾವ ಕಡಿಯಿಂದ ಓದೂದು?" ಎಂದರು.

ಹೊತ್ತು ಸಿಗದ್ದು ಒಂದು ಕಡೆ. ಸಿಕ್ಕ ಹೊತ್ತಿನಲ್ಲಿಯೂ ಕತೆ ಕೈಗೆ ಬರುತ್ತಿರಲಿಲ್ಲ, ಅದು ಇನ್ನೂ ಕೆಟ್ಟದ್ದು. ಏಕೆಂಬುದು ಬಹಳ ದಿನ ತಿಳಿಯಲಿಲ್ಲ.

ನಾನು ಕಮಲಾಪುರದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವವಳು. ಸೂಜಿ ಕಂಡರೆ ಜಟ್ಟಿಯಂಥ ಗಂಡಸರೂ ಬೆವರುತ್ತಾರೆ. ಅದಕ್ಕೆ ನನ್ನದೊಂದು ರೂಢಿ ಇದೆ. ತೋಳಿಗೆ ಪಟ್ಟಿ ಬಿಗಿಯುವಾಗ ಒಂದು ಕತೆ ಎತ್ತುತ್ತೇನೆ. ನಗುವ ಜಾಗಕ್ಕೆ ಬರುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತದೆ. "ಕಥಿ ಅಕ್ಕನ ಕಡಿಗೇ ರಕ್ತ ಕೊಡ್ತೀನಿ" ಎಂದು ಹಟ ಹಿಡಿದು ಕಾಯುವ ಜನ ಇದ್ದಾರೆ.

ಒಂದು ದಿನ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಬಂದರು. ಕೆಂಪು ಬಾಳೆಯ ತೋಟದವರು. "ದಿನಕ್ಕ ಒಂದ ಹಣ್ಣು ತಿಂದರ ಏನಾಗ್ತದವ್ವಾ? ನಮ್ಮ ತ್ವಾಟದ್ದೇ" ಎಂದು ಕೇಳುತ್ತ ತೋಳು ಬಿಗಿಹಿಡಿದಿದ್ದರು. ಅವರಿಗೆ ಅತ್ತೆಯ ಧೋತರದ ಕತೆ ಹೇಳಿದೆ.

ನಮ್ಮ ಮುತ್ಯಾನಿಗೂ, ಎಂದರೆ ಅತ್ತೆಯ ಅಪ್ಪನಿಗೂ, ಪಕ್ಕದ ಮನೆಯ ಮುತ್ಯಾನಿಗೂ ಸೇರಿ ಒಂದೇ ಜರಿಯಂಚಿನ ಧೋತರ ಇತ್ತಂತೆ. ಯಾರ ಮನೆಗೆ ಬೀಗರು ಬಂದರೋ ಅವರು ಉಡಬೇಕು, ಇನ್ನೊಬ್ಬರು ಒಳಗಿರಬೇಕು, ಹಾಗೆ ಒಪ್ಪಂದ. ಒಮ್ಮೆ ಎರಡೂ ಮನೆಗೆ ಒಂದೇ ದಿನ ಬೀಗರು ಬಂದರು. ಧೋತರ ನಮ್ಮ ಮುತ್ಯಾನ ಪಾಲಿಗೆ ಹೋಯಿತು. ಪಕ್ಕದ ಮುತ್ಯಾ ಸುಡುವ ಬೇಸಿಗೆಯಲ್ಲಿ ಕಂಬಳಿ ಹೊದ್ದು ಜ್ವರ ಎಂದು ಮಲಗಿಬಿಟ್ಟ. ಅವನ ಬೀಗರು ಬಹಳ ಒಳ್ಳೆಯವರು. ಕಂಬಳಿಯೊಳಗೆ ಬೆವರಿ ನೀರಾಗುತ್ತಿದ್ದವನನ್ನು ಕಂಡು ಕರಗಿ, ಓಡಿ ಹೋಗಿ ಹಕೀಮನನ್ನೇ ಕರೆತಂದರು. ಹಕೀಮ ನಾಡಿ ಹಿಡಿದ. ನಾಡಿ ಸರಿಯಾಗಿತ್ತು. ಹೊಟ್ಟೆ ನೋಡಬೇಕು ಎಂದು ಕಂಬಳಿಯ ತುದಿಗೆ ಕೈ ಹಾಕಿದ...

ಹಿರಿಯರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ರಕ್ತ ಯಾವಾಗ ತೆಗೆದೆನೆಂದೇ ಅವರಿಗೆ ಗೊತ್ತಾಗಲಿಲ್ಲ. ಅದೇ ಹುರುಪಿನಲ್ಲಿ ಸಂಜೆ ಇದನ್ನೇ ಬರೆಯಬೇಕೆಂದು ಕೂತೆ. ಕಾಗದದ ಮೇಲೆ ಧೋತರವೂ ಏಳಲಿಲ್ಲ, ಹಕೀಮನೂ ಬರಲಿಲ್ಲ. ಉಂಡ ಮೇಲೆ ಮತ್ತೆ ತಟ್ಟೆ ಮುಂದೆ ಇಟ್ಟಂತೆ ಮನಸ್ಸು ಮುಖ ತಿರುಗಿಸುತ್ತಿತ್ತು.

ಮರುದಿನ ಬಸ್ಸಿನಲ್ಲಿ ಗೋಳು ತೋಡಿಕೊಂಡೆ. ಆಪಾ ಕಿಟಕಿಯಿಂದ ಮುಖ ಹೊರಳಿಸದೆ ಹೇಳಿದರು: "ನಿನ್ನೆ ಬೆಳಿಗ್ಗೆ ನನಗ ಹೇಳಿದ್ರಿ. ಮಧ್ಯಾಹ್ನ ಪೇಷಂಟಿಗೆ ಹೇಳಿದ್ರಿ. ಸಂಜಿ ಕಂಡಕ್ಟರಗ ಹೇಳಿದ್ರಿ, ಅಂವ ಟಿಕೀಟ ಹರಿಯೂದ ಬಿಟ್ಟು ನಿಂತಿದ್ದ. ಕಾಗದಕ್ಕ ಏನ್ ಉಳೀತು? ತಳಕ್ಕ ಹತ್ತಿದ್ದು?"

ಅದು ನೆಟ್ಟಗೆ ಬಂದು ನಾಟಿತು. ಬಾಯಿಂದ ಹೇಳುವ ಕಸುಬಿನವರು ಮಾಡುವ ತಪ್ಪು ಇದು. ಹೇಳಿದಾಗ ಎದುರಿನವರ ನಗು ಸಿಗುತ್ತದೆ, ಮನಸ್ಸು ತಣಿದುಬಿಡುತ್ತದೆ. ಕಾಗದಕ್ಕೆ ನಗಲು ಬಾರದು. ಸಂಜೆಯ ಹೊತ್ತಿಗೆ ನನ್ನಲ್ಲಿ ಹಸಿವೇ ಉಳಿದಿರುತ್ತಿರಲಿಲ್ಲ.

ಬಾಯಿ ಕಟ್ಟುವುದೆಂದು ತೀರ್ಮಾನಿಸಿದೆ. ಲ್ಯಾಬಿನಲ್ಲಿ ಮೌನವಾಗಿ ಪಟ್ಟಿ ಬಿಗಿದು, ಮೌನವಾಗಿ ಸೂಜಿ ಹಾಕಿದೆ.

"ಯಾಕವ್ವಾ, ಮನ್ಯಾಗ ಜಗಳ ಆಗ್ಯದೇನು?" ಎಂದು ಒಬ್ಬರು ಕೇಳಿದರು. ಇನ್ನೊಬ್ಬ ಹೆಂಗಸಿನ ನರ ಹೆದರಿ ಒಳಗೆ ಸರಿದು ಎರಡು ಸಲ ಚುಚ್ಚಬೇಕಾಯಿತು. ಆಕೆ ತೋಳು ಒತ್ತಿಕೊಂಡು, "ಕಥಿ ಇಲ್ಲಂದ್ರ ನಿನ್ನ ಸೂಜಿ ದಪ್ಪ ಆಗ್ತದ ನೋಡು" ಎಂದಳು. ಅದೂ ಸರಿಯೇ. ಕೊನೆಗೆ ನಡುವಿನ ದಾರಿ ಹಿಡಿದೆ: ಜನರಿಗೆ ಅಳಿಯಂದಿರ ಮಾತು, ಟೊಮೇಟೊ ದರದ ಮಾತು, ನನ್ನ ಗಂಡನ ಗೊರಕೆಯ ಮಾತು. ಅತ್ತೆಯ ಕತೆಗಳನ್ನು ಮಾತ್ರ ಬಾಯಿಗೆ ತರುವುದಿಲ್ಲ.

ಹೊತ್ತು ಸಿಕ್ಕದ್ದು ಅದೇ ಲ್ಯಾಬಿನಲ್ಲಿ, ನನ್ನ ಮೂಗಿನ ಕೆಳಗೇ. ಸಕ್ಕರೆ ಪರೀಕ್ಷೆಯವರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಡುತ್ತಾರೆ. ಆಮೇಲೆ ಹೋಗಿ ಮಂಡಕ್ಕಿಯ ಸುಸಲಾ, ಮಿರ್ಚಿ ಏನಾದರೂ ತಿಂದು ಎರಡು ತಾಸಿಗೆ ಮತ್ತೆ ಬಂದು ಕೊಡುತ್ತಾರೆ. ಆ ನಡುವೆ ಮಶೀನು ತಾನೇ ತಿರುಗುತ್ತಿರುತ್ತದೆ, ನನಗೆ ಹೆಚ್ಚು ಕೆಲಸ ಇರುವುದಿಲ್ಲ. ಇಷ್ಟು ದಿನ ಆ ಹೊತ್ತಿನಲ್ಲಿ ನಾನು ಹೊರಗಿನ ಬೆಂಚಿಗೆ ಹೋಗಿ ಕಾಯುವವರ ನಡುವೆ ಕೂತು ಕತೆ ಹೇಳುತ್ತಿದ್ದೆ. ನನ್ನ ದಿನದ ಎಲ್ಲಕ್ಕಿಂತ ಸವಿಯಾದ ಹೊತ್ತು ಅದು. ಅದನ್ನೇ ಕೊಡಬೇಕಾಯಿತು. ಅರ್ಧ ಬಾಗಿಲು ಎಳೆದುಕೊಂಡು, ಮಶೀನಿನ ಪಕ್ಕದಲ್ಲಿ ಕೂತು ಬರೆಯತೊಡಗಿದೆ. ಹೊರಗೆ ಬೆಂಚಿನ ಮೇಲೆ ಬೇರೆ ಯಾರೋ ಕತೆ ಹೇಳುವುದು ಕೇಳುತ್ತಿತ್ತು. ಎಷ್ಟು ಕೆಟ್ಟದಾಗಿ ಹೇಳುತ್ತಿದ್ದರೆಂದರೆ, ನಗುವ ಜಾಗವನ್ನು ಮೊದಲೇ ಹೇಳಿಬಿಡುತ್ತಿದ್ದರು! ಎದ್ದು ಹೋಗಿ ತಿದ್ದಬೇಕೆಂದು ಕಾಲು ಕುಣಿಯುತ್ತಿತ್ತು. ಒಂದು ಕಾಲನ್ನು ಇನ್ನೊಂದು ಕಾಲಿನಿಂದ ಮೆಟ್ಟಿಕೊಂಡು ಕೂತೆ.

ಮೊದಲ ಕಂತು ಬರೆದು ಒಂದು ಸಂಜೆ ಚಹಾ ಆದ ಮೇಲೆ ಅತ್ತೆಯನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂರಿಸಿ, ಎಡಗಿವಿಗೆ ಬಾಯಿ ಹಚ್ಚಿ ಓದಿದೆ. ಓದಿದೆ ಎಂದರೆ ಒದರಿದೆ. ಪುಸ್ತಕದ ಭಾಷೆಯೆಂದು ಬಹಳ ಅಲಂಕಾರ ಮಾಡಿದ್ದೆ. ಸೂರ್ಯ ಪಡುವಣ ದಿಕ್ಕಿನಲ್ಲಿ ಕೆಂಪಾಗಿ, ಗೋಧೂಳಿ ಎದ್ದು, ಹಕ್ಕಿಗಳು ಗೂಡಿಗೆ ಮರಳುತ್ತ, ಹೀಗೆ ಹೋಗುತ್ತಿತ್ತು ಮೊದಲ ವಾಕ್ಯ. ಕ್ರಿಯಾಪದ ಬರುವುದಕ್ಕೆ ಮೊದಲೇ ನನ್ನ ಉಸಿರು ಮುಗಿಯಿತು.

ಅತ್ತೆ ಕಾದರು. "ಮಂದಿ ಎಲ್ಲದಾರ ಇದರಾಗ? ಸೂರ್ಯ ಮುಳುಗೂತನಕ ನಾ ಯಾಕ ಕುಂದರಲಿ?"

ಹಾಗೆ ನನ್ನ ವಾಕ್ಯಗಳು ಮೊಟಕಾದವು. ಕೂಗಿ ಓದಲು ಆಗದ ಮಾತನ್ನು ಬರೆಯುವುದು ಬಿಟ್ಟೆ. ಎಷ್ಟು ಬರೆಯಬೇಕೆಂಬುದೂ ಹಾಗೆಯೇ ಗೊತ್ತಾಯಿತು. ಅರ್ಧ ಪುಟ ಕೂಗುವಷ್ಟರಲ್ಲಿ ನನ್ನ ಗಂಟಲು ಕಟ್ಟುತ್ತಿತ್ತು, ಅತ್ತೆಯ ಕತ್ತು ಸೋಲುತ್ತಿತ್ತು. ಎರಡು ಪುಟದ ಆಣೆ ಅಲ್ಲಿಗೆ ಬಿತ್ತು. ದಿನಕ್ಕೆ ಅರ್ಧ ಪುಟ, ಸಂಜೆ ಓದಲು ಬೇಕಾಗುವಷ್ಟು. ಬರೆಯದಿದ್ದರೆ ಅಂದು ಅತ್ತೆ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಾರೆ, ಅದನ್ನು ನೋಡಲಾಗುವುದಿಲ್ಲ.

ಅಷ್ಟು ಜೋರಾಗಿ ಓದಿದರೆ ಓಣಿಗೆ ಕೇಳದೆ ಇರುತ್ತದೆಯೇ? ಧೋತರದ ಕತೆ ಮೂರನೆಯ ದಿನಕ್ಕೆ ಬಂದಿತ್ತು. ಪಕ್ಕದ ಮನೆಯ ಅಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಕಂಬಳಿ ಹೊದ್ದ ಮುತ್ಯಾನ ಮೊಮ್ಮಗಳು ಅವರು.

"ಏನವ್ವಾ, ನಮ್ಮ ಮುತ್ಯಾನ ಧೋತರ ಓಣ್ಯಾಗ ಒಣಾ ಹಾಕಿದೆಲ್ಲಾ! ಕಂಬಳ್ಯಾಗ ಮಲಗಿದಾಂವ ನಿಮ್ಮ ಮುತ್ಯಾ. ಧೋತರ ಉಟ್ಟಾಂವ ನಮ್ಮ ಮುತ್ಯಾ. ನಮ್ಮವ್ವ ಹೇಳ್ಯಾಳ ನನಗ."

"ಏನಂತಾಳ ಆಕಿ?" ಎಂದು ಅತ್ತೆ ಕೇಳಿದರು. ಕೂಗಿ ಹೇಳಿದೆ.

"ಅವರವ್ವ ಆಗ ತೊಟ್ಟಲದಾಗ ಇದ್ದಳು," ಎಂದರು ಅತ್ತೆ ಸಮಾಧಾನವಾಗಿ. "ನಾ ಬಾಗಲದಾಗ ನಿಂತಿದ್ದೆ. ಹಕೀಮಗ ದಾರಿ ಬಿಟ್ಟಾಕಿ ನಾನ."

ಪಕ್ಕದ ಅಕ್ಕ ಅಂದಿನಿಂದ ದಿನಾ ಬಂದು ಕೂರತೊಡಗಿದರು, ತಮ್ಮ ಮುತ್ಯಾನ ಮಾನ ಕಾಯಲು. ಬರುವಾಗ ಆರಿಸಲು ಅಕ್ಕಿಯ ಮೊರ ತಂದರೆ ಅವರ ಜೊತೆ ಇನ್ನೊಬ್ಬರು ಮೆಂತ್ಯೆಯ ಸೂಡು ತಂದರು. ಚಾಪೆ ಉದ್ದವಾಯಿತು.

ದೀಪಾವಳಿ ಬಂತು. ಕತೆಗಳು ಬೆರಳೆಣಿಕೆಯಷ್ಟು ಮುಗಿದಿದ್ದವು. ಅತ್ತೆಯಲ್ಲಿ ಇನ್ನೂ ಎಷ್ಟು ಇವೆಯೆಂದು ಅತ್ತೆಗೇ ಗೊತ್ತಿರಲಿಲ್ಲ. ಆಪಾ ಸಿಹಿ ತಿನ್ನುತ್ತ, "ನಾ ಅವತ್ತ ಹೇಳಿದ್ನೆಲ್ಲ, ಯಾವ ದೀಪಾವಳಿ ಕೇಳಬ್ಯಾಡ್ರಿ ಅಂತ" ಎಂದರು. ನನಗೆ ನಗು ಬರಲಿಲ್ಲ. ಎಡಗಿವಿ ದಿನದಿನಕ್ಕೂ ದೂರ ಸರಿಯುತ್ತಿತ್ತು. ಮೊದಲು ಬಾಯಿ ಹಚ್ಚಿ ಕೂಗಿದರೆ ಸಾಕಿತ್ತು, ಈಗ ಕೈಯನ್ನು ತುತ್ತೂರಿಯ ಹಾಗೆ ಮಾಡಬೇಕಿತ್ತು. ಹೆದರಿ ಒಂದು ದಿನ ಲ್ಯಾಬಿನಲ್ಲಿ ಎರಡು ಪುಟ ಗೀಚಿಕೊಂಡು ಬಂದೆ. ಅರ್ಧದಲ್ಲೇ ನನ್ನ ದನಿ ಒಡೆದು ಕಾಗೆಯ ದನಿಯಾಯಿತು, ಅತ್ತೆ ತೂಕಡಿಸಿದರು. ಓಡಿದರೆ ಆಗದು, ನಿಂತರೂ ಆಗದು. ಮತ್ತೆ ಅರ್ಧ ಪುಟಕ್ಕೆ ಬಂದೆ, ಮನಸ್ಸು ಮಾತ್ರ ಓಡುತ್ತಲೇ ಇತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಓದುತ್ತಿದ್ದೆ. "ಜರಾ ಜೋರ ಓದು," ಎಂದರು ಅತ್ತೆ. ಜೋರಾಗಿ ಓದಿದೆ. ಓಣಿಯ ತುದಿಯಲ್ಲಿ ಆಟೋ ಒರೆಸುತ್ತಿದ್ದವನು ತಿರುಗಿ ನೋಡಿದ.

"ಜೋರ ಓದು ಅಂದ್ನೆಲ್ಲ. ಪಿಸಪಿಸ ಮಾಡ್ತೀ ಯಾಕ?"

ನಾನು ನಿಲ್ಲಿಸಿದೆ. ಪಕ್ಕದ ಅಕ್ಕ ಅಕ್ಕಿಯಲ್ಲಿ ಇಲ್ಲದ ಕಲ್ಲು ಹುಡುಕತೊಡಗಿದರು. ಅತ್ತೆ ನಮ್ಮೆಲ್ಲರನ್ನೂ ನೋಡಿದರು, ತಮ್ಮ ಎಡಗಿವಿಯನ್ನು ಒಮ್ಮೆ ಮುಟ್ಟಿಕೊಂಡರು. "ಮುಚ್ಚಿತು ನೋಡು," ಎಂದು ಎದ್ದು ಒಳಗೆ ಹೋದರು.

ಡಾಕ್ಟರ ಹತ್ತಿರ ಮತ್ತೆ ಹೋದೆವು. ಇನ್ನು ಮಶೀನಿನಿಂದಲೂ ಹೆಚ್ಚೇನೂ ಆಗದು ಎಂದರು. ನಾನು ಬರೆಯುವುದು ಬಿಟ್ಟೆ. ಯಾರ ಕಿವಿಗೆಂದು ಬರೆಯಲಿ? ಲ್ಯಾಬಿನಲ್ಲಿ ಬಾಗಿಲು ತೆರೆದು ಬೆಂಚಿಗೆ ಹೋಗಿ ಕೂತೆ. ಜನ ಹಿಗ್ಗಿ ಜಾಗ ಕೊಟ್ಟರು. ಧೋತರದ ಕತೆ ಹೇಳಿದೆ, ಎಲ್ಲರೂ ನಕ್ಕರು. ನನಗೆ ಮಾತ್ರ ಯಾವಾಗ ಎದ್ದು ಒಳಗೆ ಹೋಗುತ್ತೇನೋ ಎಂದಾಗುತ್ತಿತ್ತು. ಒಳಗೆ ಹೋದರೆ ಕೂರಲು ಆಗುತ್ತಿರಲಿಲ್ಲ. ಎರಡು ತಾಸಿನ ಆ ನಡುವಿನ ಹೊತ್ತು ಉದ್ದುದ್ದವಾಯಿತು.

ವಾರ ಕಳೆದಿರಬೇಕು. ಬಸ್ಸು ಇಳಿದು ಮನೆಗೆ ಬಂದರೆ ಪಕ್ಕದ ಅಕ್ಕ ದಾರಿಗೆ ಅಡ್ಡ ನಿಂತಿದ್ದರು.

"ಯಾಕವ್ವಾ, ಓದೂದು ಬಿಟ್ಟೇನು? ನಿಮ್ಮತ್ತಿ ದಿನಾ ಚಾಪಿ ಹಾಸ್ಕೊಂಡು ಕುಂದರ್ತಾರ, ನೀ ಒಳಗ ಹೋಗಿ ಭಾಂಡಿ ತಿಕ್ಕತಿ."

ಹೌದು, ಅತ್ತೆ ಕಟ್ಟೆಯ ಮೇಲೆ ಇದ್ದರು. ನನ್ನನ್ನು ಕಂಡು ಪಕ್ಕದ ಜಾಗವನ್ನು ತಟ್ಟಿದರು. "ಓದು. ನನಗಲ್ಲ, ಇವರಿಗೆ. ನಾ ಇವರ ಮಾರಿ ನೋಡ್ತೀನಿ."

ಓದಲು ಹೊಸದೇನೂ ಇರಲಿಲ್ಲ, ಧೋತರ ಉಡುವ ಸನ್ನೆ ಮಾಡಿ ಅತ್ತೆಗೆ ತಿಳಿಸಿ, ಆ ಹಳೆಯ ಕತೆಯನ್ನೇ ಓದಿದೆ. ಒದರುವ ಕೆಲಸ ಇರಲಿಲ್ಲವಾದ್ದರಿಂದ ನನ್ನ ದನಿ ನನಗೇ ಬೇರೆಯಾಗಿ ಕೇಳುತ್ತಿತ್ತು. ಅತ್ತೆ ಒಬ್ಬೊಬ್ಬರ ಮುಖದ ಮೇಲೆ ಕಣ್ಣಾಡಿಸುತ್ತಿದ್ದರು, ತವೆಯ ಮೇಲಿನ ರೊಟ್ಟಿ ನೋಡುವ ಹಾಗೆ, ಎಲ್ಲಿ ಉಬ್ಬಿತು, ಎಲ್ಲಿ ಹಸಿ ಉಳಿಯಿತು ಎಂದು. ಒಂದು ಕಡೆ ತಟ್ಟನೆ ಕೈ ಎತ್ತಿದರು.

"ಇಷ್ಟೊತ್ತಿಗೆ ನಗಬೇಕಿತ್ತಲ್ಲ ಇವರು? ಯಾಕ ನಗಲಿಲ್ಲ? ಏನೋ ಬಿಟ್ಟು ಬರದಿ."

ಬಿಟ್ಟಿದ್ದೆ. ಹಕೀಮ ಕಂಬಳಿಗೆ ಕೈ ಹಾಕುವ ಮೊದಲು ಬೀಗರ ಮುದುಕ, ತಾನೂ ನೋಡುತ್ತೇನೆಂದು ಕನ್ನಡಕ ಒರೆಸಿಕೊಳ್ಳುವುದಿದೆ. ಅವಸರದಲ್ಲಿ ಅದು ಹೋಗಿತ್ತು, ಆಗ ಅರ್ಧ ಕಿವಿಯಲ್ಲಿ ಕೇಳಿದ್ದ ಅತ್ತೆಗೂ ತಿಳಿದಿರಲಿಲ್ಲ. ಮರುದಿನ ಕಮಲಾಪುರದಲ್ಲಿ, ಬರಿಹೊಟ್ಟೆಯವರೆಲ್ಲ ತಿನ್ನಲು ಹೋದ ಮೇಲೆ, ಅರ್ಧ ಬಾಗಿಲು ಎಳೆದುಕೊಂಡು ಅದನ್ನು ಬರೆದೆ.

ಈಗಲೂ ದಿನಕ್ಕೆ ಅರ್ಧ ಪುಟವೇ. ನೀರು ಬಂದ ದಿನ ಅದೂ ಇಲ್ಲ. ಪುಸ್ತಕ ಯಾವಾಗ ಎಂದು ಯಾರಾದರೂ ಕೇಳಿದರೆ ನಾನು ದೀಪಾವಳಿಯ ಹೆಸರು ಎತ್ತುವುದಿಲ್ಲ.

ಹೋದ ವಾರ, ಮದುವೆಯ ಮೆರವಣಿಗೆಗೆ ಕುದುರೆ ಸಿಗದೆ ಒಂಟೆ ತಂದವರ ಕತೆ ಬರೆದಿದ್ದೆ. ಯಾವ ಕತೆಯೆಂದು ಅತ್ತೆಗೆ ತಿಳಿಸಿರಲಿಲ್ಲ. ಆಪಾ ಕೂಡ ಬಂದಿದ್ದರು. ಒಂಟೆ ಹೆಣ್ಣಿನ ಮನೆಯ ಮುಂದೆ ಮುಂಗಾಲು ಮಡಿಚಿದ್ದೇ ತಡ, ಮದುಮಗ ಬಾಸಿಂಗದ ಸಮೇತ ಅದರ ಕುತ್ತಿಗೆಯ ಮೇಲಿಂದ ಜಾರಿ ಬ್ಯಾಂಡಿನವನ ಡೋಲಿನ ಮೇಲೆ ಕೂತನೆಂಬಲ್ಲಿಗೆ ಓದಿದೆ. ಆಪಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಪಕ್ಕದ ಅಕ್ಕನ ಮಡಿಲಿನ ಅಕ್ಕಿಯೆಲ್ಲ ಚೆಲ್ಲಿತು.

ಅತ್ತೆ ಅವರಿಬ್ಬರನ್ನೂ ನೋಡಿದರು.

"ಒಂಟಿ ಕುಂತಿತೇನು?" ಎಂದು ನನ್ನನ್ನು ಕೇಳಿದರು.

ಹೌದೆಂದು ತಲೆಯಾಡಿಸಿದೆ. ಆಮೇಲೆ ಅತ್ತೆ ನಕ್ಕರು.